ಚಿತ್ರದ ಕೆಳಗೆ ಇನ್ನೆರಡು ಸಾಲು ಬೇಕು

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಓದುಗರು ತೆಗೆದ ನಿಸರ್ಗದ ಛಾಯಾಚಿತ್ರಗಳಿಗೆಂದು ಮೀಸಲಿಟ್ಟಿರುವ ಪುಟವನ್ನು ನಾನು ಎರಡು ವರ್ಷಗಳಿಂದ ತಪ್ಪದೆ ನೋಡುತ್ತಿದ್ದೇನೆ. ಮೆಚ್ಚಿದ ಚಿತ್ರಗಳನ್ನು ಕತ್ತರಿಸಿ ನೋಟ್‌ಬುಕ್ಕಿನಲ್ಲಿ ಅಂಟಿಸಿ, ಪಕ್ಕದಲ್ಲಿ ನನಗೆ ತೋಚಿದ್ದನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳುವುದು ನನ್ನ ಭಾನುವಾರದ ರೂಢಿಯಾಗಿದೆ. ಆ ಪುಟದ ಬಗ್ಗೆ ನನ್ನದೊಂದು ಕೋರಿಕೆಯಿದೆ. ಈಗ ಪ್ರತಿ ಚಿತ್ರದ ಕೆಳಗೆ ತೆಗೆದವರ ಹೆಸರು ಮತ್ತು ಊರು ಮಾತ್ರ ಇರುತ್ತವೆ. ದಯವಿಟ್ಟು ಅದಕ್ಕೆ ಇನ್ನೆರಡು ಸಾಲು ಸೇರಿಸಿ. ಒಂದರಲ್ಲಿ ಚಿತ್ರ ತೆಗೆದ ಜಾಗ, ತಿಂಗಳು, ಹೊತ್ತು ಮತ್ತು ಕ್ಯಾಮೆರಾದ ಸೆಟ್ಟಿಂಗ್‌ಗಳಿರಲಿ. ಇನ್ನೊಂದರಲ್ಲಿ ಆಮೇಲೆ ಎಡಿಟಿಂಗ್‌ನಲ್ಲಿ ಏನೇನು ಮಾಡಲಾಯಿತು ಎಂಬುದಿರಲಿ. ಇದನ್ನು ಕೇಳುವುದಕ್ಕೆ ನನಗಿರುವ ಕಾರಣಗಳಲ್ಲಿ ಒಂದು, ಕಳೆದ ಜನವರಿಯಲ್ಲಿ ಅದೇ ಪುಟದಲ್ಲಿ ಅಚ್ಚಾದ ನನ್ನ ಚಿತ್ರವೇ ಆಗಿರುವುದರಿಂದ, ಅದರ ವಿಚಾರವನ್ನೂ ಮುಚ್ಚಿಡದೆ ಇಲ್ಲಿ ಬರೆಯುತ್ತಿದ್ದೇನೆ.

ನಾನು ಖಾಸಗಿ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ, ಐವತ್ತಮೂರು ವರ್ಷದ ಗೃಹಿಣಿ. ಮಗ ಕೆಲಸಕ್ಕೆಂದು ಪುಣೆಗೆ ಹೊರಟಾಗ ತನ್ನ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾವನ್ನೂ ಅದರ ಜೊತೆಗೇ ಬಂದಿದ್ದ 18–55 ಮಿ.ಮೀ. ಲೆನ್ಸನ್ನೂ ನನ್ನ ಕೈಗಿಟ್ಟು, "ಅಮ್ಮ, ಸುಮ್ಮನೆ ಬೀರುವಿನಲ್ಲಿಟ್ಟರೆ ಬೂಷ್ಟು ಹಿಡಿಯುತ್ತೆ, ನೀನೇ ಉಪಯೋಗಿಸು" ಎಂದು ಹೇಳಿ ಹೋದ. ಅಲ್ಲಿಯವರೆಗೆ ನಾನು ಮೊಬೈಲಿನಲ್ಲಿ ಮನೆಯವರ ಫೋಟೊ ತೆಗೆದದ್ದು ಬಿಟ್ಟರೆ ಬೇರೇನೂ ತೆಗೆದವಳಲ್ಲ. ಬೆಟ್ಟ, ಕೆರೆ, ಬಂಡೆ, ಬಯಲುಗಳ ಚಿತ್ರ ತೆಗೆಯಬೇಕೆಂಬ ಆಸೆ ಹುಟ್ಟಿದ್ದು ನಿಮ್ಮ ಪುಟ ನೋಡಿಯೇ. ಕಲಿಯುವುದಕ್ಕೆ ಗುರುಗಳಿಲ್ಲದ ಕಾರಣ, ಎಲ್ಲರಂತೆ ನಾನೂ ಹೊರದೇಶದವರು ಮಾಡಿದ ವಿಡಿಯೊ ಪಾಠಗಳನ್ನು ನೋಡತೊಡಗಿದೆ.

ಆ ಪಾಠಗಳು ಕೆಟ್ಟವಲ್ಲ. ಅವುಗಳಿಂದ ನಾನು ಕಲಿತದ್ದು ಬಹಳವಿದೆ. ಆದರೆ ಅವು ಬೇರೆ ಬೆಳಕಿನಲ್ಲಿ ನಿಂತು ಹೇಳಿದ ಪಾಠಗಳು ಎಂಬುದು ನನಗೆ ತಿಳಿಯಲು ಆರು ತಿಂಗಳು ಹಿಡಿಯಿತು. ಸೂರ್ಯೋದಯದ ನಂತರ ಮತ್ತು ಸೂರ್ಯಾಸ್ತದ ಮುಂಚೆ ಒಂದು ಗಂಟೆಯ ಕಾಲ ಬೆಳಕು ಹೊಂಬಣ್ಣದ್ದಾಗಿರುತ್ತದೆ, ಆ 'ಗೋಲ್ಡನ್ ಅವರ್'ನಲ್ಲಿ ನಿಧಾನವಾಗಿ ಜಾಗ ಹುಡುಕಿಕೊಂಡು ಚಿತ್ರ ತೆಗೆಯಿರಿ ಎಂದು ಅವರು ಹೇಳುತ್ತಾರೆ. ಬೆಂಗಳೂರು ಇರುವುದು ಉತ್ತರ ಅಕ್ಷಾಂಶ 13 ಡಿಗ್ರಿಯ ಹತ್ತಿರ. ಇಲ್ಲಿ ಸೂರ್ಯ ದಿಗಂತದಿಂದ ಹೆಚ್ಚುಕಡಿಮೆ ನೇರಕ್ಕೇ ಏರುತ್ತಾನೆ. ಆ ಹೊಂಬೆಳಕು ಮುಗಿಯುವ ಆರು ಡಿಗ್ರಿಯ ಎತ್ತರಕ್ಕೆ ಏರಲು ಅವನಿಗೆ ಇಪ್ಪತ್ತೈದರಿಂದ ಇಪ್ಪತ್ತೇಳು ನಿಮಿಷ ಸಾಕು, ವರ್ಷದ ಯಾವ ಕಾಲದಲ್ಲೂ ಅದು ಅರ್ಧ ಗಂಟೆ ದಾಟುವುದಿಲ್ಲ. ಲಂಡನ್ನಿನಲ್ಲಿ ಡಿಸೆಂಬರಿನ ಸೂರ್ಯ ಅಷ್ಟೇ ಎತ್ತರಕ್ಕೆ ಬರಲು ಒಂದು ಗಂಟೆಯ ಹತ್ತಿರ ತೆಗೆದುಕೊಳ್ಳುತ್ತಾನೆ. ಅಲ್ಲಿನವರ ಮಾತು ನಂಬಿ ನಾನು ಲಾಲ್‌ಬಾಗಿನಲ್ಲಿ ಎಷ್ಟೋ ಬೆಳಿಗ್ಗೆ ಸೂರ್ಯ ಹುಟ್ಟಿದ ಮೇಲೆ ಆರಾಮವಾಗಿ ಟ್ರೈಪಾಡ್ ಬಿಚ್ಚಿ, ಜಾಗ ಆರಿಸಿ, ಲೆನ್ಸ್ ಒರೆಸಿಕೊಂಡು ನಿಲ್ಲುವಷ್ಟರಲ್ಲಿ ಬಂಡೆಯ ಮೇಲಿನ ಹಳದಿ ಬೆಳಕು ಹೋಗಿ ಬಿಳಿ ಬಿಸಿಲು ಬಂದಿರುತ್ತಿತ್ತು. ತಪ್ಪು ನನ್ನ ಕೈಯದೋ ಕ್ಯಾಮೆರಾದ್ದೋ ಎಂದು ಕೊರಗಿದ್ದೇನೆ.

ದಿಕ್ಕಿನ ವಿಚಾರವೂ ಹಾಗೆಯೇ. ನಮ್ಮಲ್ಲಿ ಜೂನ್ ತಿಂಗಳಲ್ಲಿ ಸೂರ್ಯ ನೇರ ಪೂರ್ವದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ ಸರಿದು ಹುಟ್ಟುತ್ತಾನೆ, ಡಿಸೆಂಬರಿನಲ್ಲಿ ಅಷ್ಟೇ ದಕ್ಷಿಣಕ್ಕೆ ಸರಿದಿರುತ್ತಾನೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ನಡುಹಗಲಿಗೆ ನೆತ್ತಿಯ ಮೇಲೇ ಬಂದು, ನೆಟ್ಟ ಕಂಬದ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಮೇ ಕೊನೆಗೆ ಆರು ಗಂಟೆಗೆ ಮುಂಚೆಯೇ ಸೂರ್ಯ ಬಂದಿರುತ್ತಾನೆ, ಜನವರಿ ಕೊನೆಗೆ ಆರೂಮುಕ್ಕಾಲರವರೆಗೆ ಕಾಯಿಸುತ್ತಾನೆ. ಹೀಗಿರುವಾಗ ಯಾವ ಬೆಟ್ಟವನ್ನು ಯಾವ ತಿಂಗಳು, ಯಾವ ದಂಡೆಯಿಂದ ನೋಡಿದರೆ ಬೆಳಕು ಪಕ್ಕದಿಂದ ಬಿದ್ದು ಅದರ ಮೈಯ ಉಬ್ಬುತಗ್ಗು ಕಾಣುತ್ತದೆ ಎಂಬುದನ್ನು ನಮ್ಮ ಊರಿನ ಸುತ್ತ ಓಡಾಡಿ ಚಿತ್ರ ತೆಗೆದವರೇ ಹೇಳಬೇಕು. ಅಂಥವರ ಚಿತ್ರಗಳು ಪ್ರತಿ ವಾರ ನಿಮ್ಮ ಕಚೇರಿಗೆ ಬರುತ್ತಿವೆ. ಭರಣಿ ಮಳೆ ಬಿದ್ದ ಮಾರನೆಯ ದಿನ ಧೂಳು ತೊಳೆದುಹೋಗಿ ನಂದಿಬೆಟ್ಟದಿಂದ ಎಷ್ಟು ದೂರದ ಬೆಟ್ಟಸಾಲು ಕಾಣುತ್ತದೆ ಎಂಬುದನ್ನು ಚಿತ್ರದ ಕೆಳಗಿನ ತಿಂಗಳ ಹೆಸರೊಂದೇ ಹೊಸಬರಿಗೆ ಸೂಚಿಸಬಲ್ಲದು.

ಕ್ಯಾಮೆರಾದ ಸೆಟ್ಟಿಂಗ್‌ಗಳನ್ನು ಏಕೆ ಕೇಳುತ್ತಿದ್ದೇನೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯ, 'ನೈಸ್' ಎಂಬ ಪಟ್ಟೆಪಟ್ಟೆಯ ಶಿಲೆ; ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ. ಅದರ ಮೈಮೇಲೆ ಬೂದು, ಬಿಳಿ ಪಟ್ಟೆಗಳು ಸೀರೆಯ ನೆರಿಗೆಯ ಹಾಗೆ ಹರಿದಿವೆ. ಮುಂದೆ ಆ ಪಟ್ಟೆಗಳು, ಹಿಂದೆ ಮೇಲುಗಡೆ ಕೆಂಪೇಗೌಡ ಗೋಪುರ, ಎರಡೂ ಸ್ಪಷ್ಟವಾಗಿರುವ ಚಿತ್ರ ಬೇಕೆಂದು ನಾನು ಎರಡು ತಿಂಗಳು ಹೆಣಗಿದೆ. ಗೋಪುರಕ್ಕೆ ಫೋಕಸ್ ಮಾಡಿದರೆ ಕಾಲಬುಡದ ಕಲ್ಲು ಮಸುಕಾಗುತ್ತಿತ್ತು, ಕಲ್ಲಿಗೆ ಫೋಕಸ್ ಮಾಡಿದರೆ ಗೋಪುರ ಮಸುಕಾಗುತ್ತಿತ್ತು. ಅಪರ್ಚರ್, ಅಂದರೆ ಲೆನ್ಸಿನಲ್ಲಿ ಬೆಳಕು ಒಳಬರುವ ಕಿಂಡಿ, ಕಿರಿದಾದಷ್ಟೂ ಎಲ್ಲವೂ ಸ್ಪಷ್ಟವಾಗುತ್ತದೆ ಎಂದು ಓದಿಕೊಂಡು ತೀರ ಕಿರಿದಾದ ಎಫ್/22ಕ್ಕೆ ಹೋದೆ. ಆಗ ಇಡೀ ಚಿತ್ರವೇ ತೆಳುವಾದ ಪರದೆಯ ಹಿಂದೆ ಇದ್ದಂತಾಯಿತು. ತೀರ ಸಣ್ಣ ಕಿಂಡಿಯಲ್ಲಿ ಹಾಯುವ ಬೆಳಕು ಬಾಗಿ ಹರಡಿಕೊಳ್ಳುತ್ತದೆ, ಅದನ್ನು ಡಿಫ್ರ್ಯಾಕ್ಷನ್ ಎನ್ನುತ್ತಾರೆ ಎಂಬುದು ಆಮೇಲೆ ತಿಳಿಯಿತು. ಕೊನೆಗೆ ಬಂಡೆಯ ಮೇಲೆ ದಿನಾ ವಾಕಿಂಗ್ ಬರುವ ಹಿರಿಯರೊಬ್ಬರು, ಹಿಂದೆ ಸ್ಟುಡಿಯೊ ಇಟ್ಟುಕೊಂಡಿದ್ದವರಂತೆ, ನನ್ನ ಪರದಾಟ ನೋಡಿ ನಿಂತು, "ಹದಿನೆಂಟು ಎಂ.ಎಂ.ಗೆ ತಂದು ಎಫ್/8 ಇಡಿ ತಾಯಿ, ಗೋಪುರವನ್ನೂ ಬಿಡಿ, ಕಾಲಬುಡವನ್ನೂ ಬಿಡಿ, ಆರೇಳು ಅಡಿ ದೂರದ ಕಲ್ಲಿಗೆ ಫೋಕಸ್ ಮಾಡಿ" ಎಂದರು. ನನ್ನಂಥ ಕ್ಯಾಮೆರಾದಲ್ಲಿ ಆ ಲೆಕ್ಕಕ್ಕೆ ಸುಮಾರು ಎರಡು ಮೀಟರಿಗೆ ಫೋಕಸ್ ಮಾಡಿದರೆ ಒಂದು ಮೀಟರಿನಿಂದ ಹಿಡಿದು ಕಣ್ಣಿಗೆ ಕಾಣುವ ಕೊನೆಯವರೆಗೆ ಎಲ್ಲವೂ ಸಾಕಷ್ಟು ಸ್ಪಷ್ಟವಾಗಿರುತ್ತದೆ. ಎರಡು ತಿಂಗಳ ಒದ್ದಾಟ ಅವರ ಒಂದು ವಾಕ್ಯದಿಂದ ಮುಗಿಯಿತು. ಆ ಹಿರಿಯರು ಸಿಗದ ಊರುಗಳಲ್ಲಿರುವ ನಿಮ್ಮ ಓದುಗರಿಗೆ, ಚಿತ್ರದ ಕೆಳಗೆ '18 ಮಿ.ಮೀ., ಎಫ್/8, ಟ್ರೈಪಾಡ್' ಎಂಬ ಮೂರು ಮಾತು ಅಚ್ಚಾಗಿದ್ದರೆ ಅವರು ಹೇಳಿದ್ದರಲ್ಲಿ ಅರ್ಧವಾದರೂ ತಲುಪುತ್ತದೆ.

ಇನ್ನು ಎಡಿಟಿಂಗ್ ವಿಚಾರ. ನನಗೆ ಹೆಚ್ಚು ಹೇಳಬೇಕಾಗಿರುವುದು ಇದರ ಬಗ್ಗೆಯೇ, ಏಕೆಂದರೆ ನಾನು ದಾರಿ ತಪ್ಪಿದ್ದು ಇಲ್ಲಿ.

ಕ್ಯಾಮೆರಾ ಕೊಡುವ ಜೆಪೆಗ್ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ ಕಪ್ಪಿನಿಂದ ಬಿಳುಪಿನವರೆಗೆ 256 ಮೆಟ್ಟಿಲುಗಳಿರುತ್ತವೆ. ಕ್ಯಾಮೆರಾ ಹಿಡಿದ ಬೆಳಕನ್ನು ಹದಗೊಳಿಸದೆ ಇದ್ದ ಹಾಗೆಯೇ ಉಳಿಸುವ 14 ಬಿಟ್ ರಾ ಫೈಲಿನಲ್ಲಿ 16,384 ಮೆಟ್ಟಿಲುಗಳಿರುತ್ತವೆ. ಆದ್ದರಿಂದ ರಾ ಫೈಲಿನಲ್ಲಿ ನೆರಳಿನೊಳಗೆ ಅಡಗಿದ್ದ ಗಿಡಗಂಟಿಯನ್ನು ಮೇಲೆ ತರಬಹುದು, ಬೆಳ್ಳಗಾದ ಮೋಡದಲ್ಲಿ ಅಷ್ಟೋ ಇಷ್ಟೋ ಉಳಿದಿರುವ ಗೆರೆಗಳನ್ನು ಕಾಣಿಸಬಹುದು. ಪೂರ್ತಿ ಸುಟ್ಟು ಬಿಳಿಯಾದದ್ದನ್ನು ಮಾತ್ರ ಯಾರೂ ಮರಳಿ ತರಲಾರರು, ಅದಕ್ಕೇ ಚಿತ್ರ ತೆಗೆಯುವಾಗಲೇ ಹಿಸ್ಟೋಗ್ರಾಮಿನ (ಚಿತ್ರದಲ್ಲಿ ಕಪ್ಪಿನಿಂದ ಬಿಳುಪಿನವರೆಗೆ ಯಾವುದು ಎಷ್ಟಿದೆ ಎಂದು ತೋರಿಸುವ ನಕ್ಷೆಯ) ಬಲತುದಿ ಗೋಡೆಗೆ ಹಾಯದಂತೆ ನೋಡಿಕೊಳ್ಳಬೇಕು. ಡಾರ್ಕ್‌ಟೇಬಲ್, ರಾಥೆರಪಿಯಂತಹ ಉಚಿತ ತಂತ್ರಾಂಶಗಳಲ್ಲೇ ಇಷ್ಟನ್ನೂ ಮಾಡಬಹುದು, ತಿಂಗಳ ಚಂದಾ ಕಟ್ಟಲಾಗದವರು ಹಿಂಜರಿಯಬೇಕಾಗಿಲ್ಲ. ಇದನ್ನೆಲ್ಲ ಕಲಿತ ಹುರುಪಿನಲ್ಲಿ ನಾನು ಬಣ್ಣವನ್ನು ಗಾಢವಾಗಿಸುವ ಸ್ಯಾಚುರೇಶನ್, ಗೆರೆಗಳನ್ನು ಎದ್ದುಕಾಣಿಸುವ ಕ್ಲಾರಿಟಿ ಎಂಬ ಗುಂಡಿಗಳನ್ನು ಕೈಗೆ ಬಂದಷ್ಟು ಎಳೆದೆ. ಹುಲ್ಲು ಹೊಳೆಯಬೇಕು, ಆಕಾಶ ಕಡುನೀಲಿಯಾಗಬೇಕು. ಅಚ್ಚಾಗುವ ಚಿತ್ರಗಳೆಲ್ಲ ಹಾಗಿರುತ್ತವೆ ಎಂಬುದು ನನ್ನ ನಂಬಿಕೆಯಾಗಿತ್ತು.

ಒಂದು ದಿನ ಲಾಲ್‌ಬಾಗಿನ ಬಂಡೆಯ ನನ್ನ ಚಿತ್ರವೊಂದನ್ನು ಅಂಗಡಿಯಲ್ಲಿ ನಾಲ್ಕು ಇಂಚಿಗೆ ಆರು ಇಂಚಿನ ಪ್ರಿಂಟ್ ಹಾಕಿಸಿ, ಮಾರನೆಯ ಬೆಳಿಗ್ಗೆ ಅದೇ ಹೊತ್ತಿಗೆ ಅದೇ ಜಾಗಕ್ಕೆ ಒಯ್ದೆ. ಬಂಡೆಯ ಮೇಲೆ ಕುಳಿತು ಪ್ರಿಂಟನ್ನು ಕಲ್ಲಿಗೆ ತಾಗಿಸಿ ಹಿಡಿದು ನೋಡಿದೆ. ಕಲ್ಲಿನ ಬೂದಿಬಣ್ಣದೊಳಗೆ ತುಸು ಗುಲಾಬಿ ಇತ್ತು, ನೀರು ನಿಂತು ಒಣಗಿದ ಕಡೆ ಕಪ್ಪು ಕಲೆಯಿತ್ತು, ಅದರ ಅಂಚಿನಲ್ಲಿ ಪಾಚಿಯ ಮಾಸಲು ಹಸಿರಿತ್ತು. ನನ್ನ ಪ್ರಿಂಟಿನಲ್ಲಿ ಕಲ್ಲು ಕಬ್ಬಿಣದ ತಗಡಿನ ಹಾಗೆ ನೀಲಿಗಪ್ಪಾಗಿತ್ತು, ಪಾಚಿ ಪ್ಲಾಸ್ಟಿಕ್ ಹಸಿರಾಗಿತ್ತು, ಗುಲಾಬಿ ಇರಲೇ ಇಲ್ಲ. ನಾನು ಸೇರಿಸಿದ ಬಣ್ಣ ಅಲ್ಲಿದ್ದ ಬಣ್ಣವನ್ನು ನುಂಗಿಹಾಕಿತ್ತು. ಅಂದಿನಿಂದ ಎಡಿಟಿಂಗ್ ಮಾಡುವಾಗ ಮೊದಲು ದಿಗಂತದ ಓರೆ ಸರಿಪಡಿಸಿ, ಆಮೇಲೆ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣದ ಹೊಂದಿಕೆ), ಅದಾದ ಮೇಲೆ ಒಟ್ಟು ಬೆಳಕು, ಕೊನೆಗೆ ಆಕಾಶ ಮತ್ತು ನೆಲವನ್ನು ಬೇರೆ ಬೇರೆಯಾಗಿ ಸ್ವಲ್ಪ ಹತ್ತಿರ ತರುವುದು, ಇಷ್ಟಕ್ಕೆ ನಿಲ್ಲಿಸಿ, ಕಂಪ್ಯೂಟರ್ ಮುಚ್ಚಿ, ಮಾರನೆಯ ದಿನ ಮತ್ತೆ ನೋಡುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ.

ಎಡಿಟಿಂಗ್ ಎಂದರೆ ಮೋಸ ಎಂದು ನಾನು ಹೇಳುತ್ತಿಲ್ಲ. ಫಿಲ್ಮ್ ಕಾಲದಲ್ಲೂ ಡಾರ್ಕ್‌ರೂಮಿನಲ್ಲಿ ಕೈಯಡ್ಡ ಹಿಡಿದು ಒಂದು ಭಾಗವನ್ನು ತಿಳಿಯಾಗಿಸುವುದು, ಇನ್ನೊಂದು ಭಾಗಕ್ಕೆ ಹೆಚ್ಚು ಬೆಳಕು ಕೊಟ್ಟು ಗಾಢವಾಗಿಸುವುದು ನಡೆದೇ ಇತ್ತು. ಅಮೆರಿಕದ ಯೊಸೆಮಿಟಿ ಕಣಿವೆಯ ಕಪ್ಪು-ಬಿಳುಪು ಚಿತ್ರಗಳಿಗೆ ಹೆಸರಾದ ಆನ್ಸೆಲ್ ಆಡಮ್ಸ್, 1940ರ ಆಸುಪಾಸಿನಲ್ಲಿ ಫ್ರೆಡ್ ಆರ್ಚರ್ ಅವರೊಡನೆ ಸೇರಿ ಕಡುಗಪ್ಪಿನಿಂದ ಅಚ್ಚಬಿಳುಪಿನವರೆಗೆ ಹನ್ನೊಂದು ಮೆಟ್ಟಿಲುಗಳ ಜೋನ್ ಸಿಸ್ಟಮ್ ರೂಪಿಸಿದ್ದು, ಕಣ್ಣು ಕಂಡ ಬೆಳಕನ್ನು ಕಾಗದಕ್ಕೆ ಇಳಿಸುವ ಹಂತಹಂತವನ್ನೂ ತಮ್ಮ ಹಿಡಿತದಲ್ಲಿಟ್ಟುಕೊಳ್ಳುವುದಕ್ಕೇ. ನಮ್ಮ ರಾಜ್ಯದವರೇ ಆದ ಟಿ.ಎನ್.ಎ. ಪೆರುಮಾಳ್, ಎಂ.ವೈ. ಘೋರ್ಪಡೆ ಅವರಂಥ ವನ್ಯಜೀವಿ ಛಾಯಾಗ್ರಾಹಕರೂ ಫಿಲ್ಮ್ ಕಾಲದಲ್ಲೇ ಹೆಸರಾದವರು. ಕ್ಯಾಮೆರಾದ ಮುಂದೆ ಇದ್ದ ಬೆಳಕನ್ನು ಹದಗೊಳಿಸುವುದು ಈ ಕಸುಬಿನ ಒಳಗಿನ ಕೆಲಸ. ಆದರೆ ಅಲ್ಲಿ ಇಲ್ಲದ ಮೋಡವನ್ನು, ಚಂದ್ರನನ್ನು, ಹಕ್ಕಿಯ ಹಿಂಡನ್ನು ತಂದು ಕೂರಿಸುವುದು ಬೇರೆ ಬಗೆಯ ಕೆಲಸ. ಛಾಯಾಗ್ರಹಣದ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಯಾಪ್ ಮತ್ತು ಫೋಟೋಗ್ರಾಫಿಕ್ ಸೊಸೈಟಿ ಆಫ್ ಅಮೆರಿಕಾದ ಸ್ಪರ್ಧೆಗಳ ನಿಸರ್ಗ ವಿಭಾಗದ ನಿಯಮದಲ್ಲಿ, ಕ್ರಾಪ್ ಮಾಡುವುದನ್ನು (ಅಂಚು ಕತ್ತರಿಸುವುದನ್ನು) ಬಿಟ್ಟರೆ ಚಿತ್ರದೊಳಗಿನ ಯಾವುದನ್ನೂ ಸೇರಿಸುವ, ತೆಗೆಯುವ, ಬದಲಿಸುವ, ಜಾಗ ಕದಲಿಸುವ ಕ್ರಮಕ್ಕೆ ಅವಕಾಶವಿಲ್ಲ. ಪತ್ರಿಕೆಯ ಪುಟ ಸ್ಪರ್ಧೆಯಲ್ಲ, ಅಷ್ಟು ಬಿಗಿ ಬೇಕೆಂದೂ ನಾನು ಕೇಳುವುದಿಲ್ಲ. ಸೇರಿಸಿದ್ದರೆ ಸೇರಿಸಿದ್ದೇನೆ ಎಂಬ ಮಾತು ಕೆಳಗಿರಲಿ ಎಂದಷ್ಟೇ ಕೇಳುತ್ತಿದ್ದೇನೆ.

ಈಗ ನನ್ನ ಚಿತ್ರದ ವಿಚಾರ. ಕಳೆದ ಡಿಸೆಂಬರಿನ ಒಂದು ಬೆಳಿಗ್ಗೆ ನಾನು ಮತ್ತು ಯಜಮಾನರು ಸ್ಕೂಟರಿನಲ್ಲಿ ಮಂಚನಬೆಲೆ ಜಲಾಶಯದ ಕಡೆ ಹೋಗಿದ್ದೆವು. ದಂಡೆಯ ಮೇಲೆ ನಿಂತರೆ ನೀರಿನಾಚೆ ಉತ್ತರದ ಕಡೆಗೆ ಸಾವನದುರ್ಗದ ಬೋಳುಬಂಡೆ ಎದ್ದು ನಿಂತಿರುತ್ತದೆ. ಸೂರ್ಯ ಹುಟ್ಟಿ ಅರ್ಧ ಗಂಟೆ ಕಳೆದಿತ್ತು. ಬೆಳಕು ನನ್ನ ಬೆನ್ನ ಹಿಂದಿನಿಂದ, ಬಲಗಡೆಯಿಂದ ಬಂದು ಬಂಡೆಯ ಮೇಲೆ ಬಿದ್ದು ಒಂದೊಂದು ಸೀಳೂ, ಮಳೆನೀರು ಇಳಿದ ಒಂದೊಂದು ಕಪ್ಪು ಗೆರೆಯೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಗಾಳಿಯಿಲ್ಲದ ನೀರಿನಲ್ಲಿ ಅದರ ಬಿಂಬವಿತ್ತು. ಆಕಾಶ ಮಾತ್ರ ಒಂದು ಮೋಡವೂ ಇಲ್ಲದೆ ಮಾಸಲು ಬಿಳಿಯಾಗಿತ್ತು. ಮನೆಗೆ ಬಂದು ನೋಡಿದಾಗ ಚಿತ್ರ ನನಗೆ ಸಪ್ಪೆಯೆನಿಸಿತು. ತಂತ್ರಾಂಶದಲ್ಲೇ ಸಿದ್ಧವಾಗಿಟ್ಟಿದ್ದ ಕೆಂಪು-ಕಿತ್ತಳೆ ಮೋಡಗಳ ಸಂಜೆಯ ಆಕಾಶವೊಂದನ್ನು ಆರಿಸಿ, ಮುಳುಗುವ ಸೂರ್ಯ ಬಂಡೆಯ ನೆತ್ತಿಯ ಪಕ್ಕದಲ್ಲೇ ಬರುವಂತೆ ಕೂರಿಸಿದೆ. ಎರಡು ನಿಮಿಷದ ಕೆಲಸ. ಅದನ್ನೇ ನಿಮಗೆ ಕಳುಹಿಸಿದೆ, ನೀವು ಪುಟದ ತಲೆಯಲ್ಲಿ ಅಚ್ಚು ಹಾಕಿದಿರಿ. ಕಚೇರಿಯಲ್ಲಿ, ನೆಂಟರಲ್ಲಿ ಎಲ್ಲರೂ ಹೊಗಳಿದರು. ನಾನು ಆ ಪುಟಕ್ಕೆ ಕಟ್ಟು ಹಾಕಿಸಿ ಮನೆಯ ಹಜಾರದಲ್ಲಿ ತೂಗುಹಾಕಿದೆ.

ಸಂಕ್ರಾಂತಿ ಕಳೆದ ಮೇಲೆ ಮಾಗಡಿ ಕಡೆಯ ನಮ್ಮ ದೊಡ್ಡಪ್ಪ ಮನೆಗೆ ಬಂದರು. ಎಂಬತ್ತು ದಾಟಿದ ಅವರು ಚಿತ್ರದ ಮುಂದೆ ಕೋಲೂರಿ ನಿಂತು ಬಹಳ ಹೊತ್ತು ನೋಡಿ, "ದುರ್ಗ ಸರಿಯಾಗಿ ಬಂದದೆ ಕಣವ್ವ, ಆದ್ರೆ ಹೊತ್ತು ಆ ಕಡೆ ಮುಳುಗಕಿಲ್ವಲ್ಲ" ಎಂದರು. ನಾನು ಏನೋ ಹೇಳಿ ಕಾಫಿ ತರಲು ಒಳಗೆ ಹೋದೆ. ಆದರೆ ಅವರು ಹೋದ ಮೇಲೆ ಚಿತ್ರವನ್ನು ಮತ್ತೆ ನೋಡಿದರೆ ಅವರ ಮಾತು ಅದರ ತುಂಬ ಬರೆದ ಹಾಗಿತ್ತು. ಹಿಂದೆ ಸೂರ್ಯನಿದ್ದರೆ ಮುಂದಿನ ಬಂಡೆ ಕಪ್ಪಾಗಿ ಕಾಣಬೇಕು. ನನ್ನ ಚಿತ್ರದಲ್ಲಿ ಬಂಡೆಯ ಮುಖದ ಮೇಲೆ ಬಿಸಿಲಿತ್ತು. ಮೇಲೆ ಆಕಾಶ ಕೆಂಪಾಗಿತ್ತು, ಕೆಳಗೆ ನೀರಿನಲ್ಲಿ ಬಿದ್ದ ಆಕಾಶ ಬೆಳಗಿನ ಬಿಳುಪಿನಲ್ಲೇ ಉಳಿದಿತ್ತು.

ಆಗಲೇ ನಿಮಗೆ ಬರೆಯಬೇಕಾಗಿತ್ತು, ಬರೆಯಲಿಲ್ಲ. ಬರೆಯುವಂತೆ ಮಾಡಿದ್ದು ನಮ್ಮ ಬೀದಿಯ ಪಿಯುಸಿ ಓದುವ ಹುಡುಗ. ಅವನೂ ಚಿತ್ರ ತೆಗೆಯಲು ಕಲಿಯುತ್ತಿದ್ದಾನೆ. ಅಣ್ಣನ ಹಳೆಯ ಮೊಬೈಲೇ ಅವನ ಕ್ಯಾಮೆರಾ. ಫೆಬ್ರುವರಿಯಲ್ಲಿ ಒಂದು ಸಂಜೆ ಗೇಟಿನ ಬಳಿ ನಿಂತು, "ಆಂಟಿ, ಪೇಪರಲ್ಲಿ ಬಂದಿದ್ದ ಆ ಫೋಟೊ ಯಾವ ಜಾಗದಲ್ಲಿ ನಿಂತು ತೆಗೆದಿದ್ದು? ಎರಡು ಭಾನುವಾರ ಫ್ರೆಂಡ್ ಬೈಕಲ್ಲಿ ಹೋಗಿ ಕತ್ತಲಾಗೋವರೆಗೂ ಕಾದೆ, ಸೂರ್ಯ ಎಡಗಡೆ ಎಲ್ಲೋ ದೂರ ಹೋಗಿಬಿಡ್ತಾನೆ, ನನಗೆ ಸಿಗ್ತಾನೇ ಇಲ್ಲ" ಎಂದ. ಅವನು ತಪ್ಪು ತನ್ನದೆಂದೇ ತಿಳಿದಿದ್ದ. ಮೊಬೈಲು ತೆಗೆದು ತನ್ನ ಚಿತ್ರಗಳನ್ನು ತೋರಿಸಿದ. ಎಡಗಡೆಯಿಂದ ಬಂದ ಸಂಜೆಯ ಬೆಳಕಿನಲ್ಲಿ ಬಂಡೆಯ ಅರ್ಧ ಮೈ ಕಂದುಗೆಂಪಾಗಿ, ಇನ್ನರ್ಧ ನೆರಳಿನಲ್ಲಿ ನೀಲಿಯಾಗಿ, ನೀರಿನಲ್ಲಿ ಎರಡೂ ಬಣ್ಣ ಅಲುಗುತ್ತಿದ್ದ ಒಂದು ಚಿತ್ರ ಅವುಗಳಲ್ಲಿತ್ತು. ನನ್ನ ಚಿತ್ರಕ್ಕಿಂತ ಅದು ಎಷ್ಟೋ ಪಾಲು ಚೆನ್ನಾಗಿತ್ತು. ಸೂರ್ಯ ಚೌಕಟ್ಟಿನೊಳಗೆ ಬರಲಿಲ್ಲವೆಂದು ಅವನು ಅದನ್ನು ಅಳಿಸಿಹಾಕುವುದರಲ್ಲಿದ್ದ. ನಾನು ಅವನನ್ನು ಒಳಗೆ ಕರೆದು ಕೂರಿಸಿ, ಕಂಪ್ಯೂಟರಿನಲ್ಲಿ ನನ್ನ ಮೂಲ ಚಿತ್ರ ತೆರೆದು, ನಡೆದದ್ದನ್ನೆಲ್ಲ ಹೇಳಿದೆ. ಅವನು ಏನೂ ಅನ್ನಲಿಲ್ಲ, "ಹಾಗಾದ್ರೆ ನನ್ನದು ಸರಿಯಿದೆಯಾ ಆಂಟಿ?" ಎಂದು ಮಾತ್ರ ಕೇಳಿದ.

ಚಿತ್ರದ ಕೆಳಗೆ ಎರಡು ಸಾಲಿರಬೇಕೆಂದು ನಾನು ಹಟ ಹಿಡಿದಿರುವುದು ಈ ಪ್ರಶ್ನೆಯ ಕಾರಣಕ್ಕೆ. ಅಚ್ಚಾದ ಚಿತ್ರವನ್ನು ಅಳತೆಗೋಲಾಗಿಟ್ಟುಕೊಂಡು ತಮ್ಮ ಚಿತ್ರವನ್ನು ಅಳೆಯುವವರು ಕಲಿಯುವವರೇ. ಪಳಗಿದವರಿಗೆ ಯಾವುದು ತಂದು ಸೇರಿಸಿದ್ದೆಂದು ನೋಡಿದೊಡನೆ ತಿಳಿಯುತ್ತದೆ. ಹೊಸಬರಿಗೆ ಆ ಕಣ್ಣು ಬರುವ ಮುಂಚೆಯೇ, ನಿಜವಾದ ಬೆಳಕಿನಲ್ಲಿ ತಾವು ತೆಗೆದ ಚಿತ್ರ ಸಪ್ಪೆ ಎಂಬ ಎಣಿಕೆ ಬೇರೂರಿಬಿಡುತ್ತದೆ.

ಎರಡು ಸಾಲಿಗೆ ಜಾಗವೆಲ್ಲಿ ಎಂದು ನೀವು ಕೇಳಬಹುದು. ನಾನು ಹೇಳುತ್ತಿರುವುದು ಇಷ್ಟು ಚಿಕ್ಕದು: 'ಲಾಲ್‌ಬಾಗ್ ಬಂಡೆ, ಅಕ್ಟೋಬರ್, ಬೆಳಿಗ್ಗೆ 6.25, 18 ಮಿ.ಮೀ., ಎಫ್/8, 1/30 ಸೆಕೆಂಡು, ಐಎಸ್‌ಒ 100, ಟ್ರೈಪಾಡ್. ಆಕಾಶದ ಬೆಳಕು ತುಸು ಇಳಿಸಿದೆ, ನೆರಳು ತುಸು ಎತ್ತಿದೆ. ಏನನ್ನೂ ಸೇರಿಸಿಲ್ಲ, ತೆಗೆದಿಲ್ಲ.' ಇದನ್ನು ಓದಿದ ಹೊಸಬರಿಗೆ ಆ ಹೊತ್ತಿನಲ್ಲಿ ಬೆಳಕು ಎಷ್ಟು ಕಡಿಮೆಯಿರುತ್ತದೆ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸದೆ ಟ್ರೈಪಾಡ್ ಏಕೆ ಹಿಡಿದರು, ಎಡಿಟಿಂಗ್‌ನಲ್ಲಿ ಎಷ್ಟಕ್ಕೆ ನಿಲ್ಲಿಸಿದರು ಎಂಬುದೆಲ್ಲ ತಿಳಿಯುತ್ತದೆ. ಕನ್ನಡದಲ್ಲೇ ತಿಳಿಯುತ್ತದೆ ಎಂಬುದು ನನಗೆ ಮುಖ್ಯ. ಇಂಗ್ಲಿಷ್ ವಿಡಿಯೊ ಅರ್ಥವಾಗದ ಕಾರಣಕ್ಕೇ ಕ್ಯಾಮೆರಾ ಎತ್ತಿಟ್ಟ ಇಬ್ಬರು ಹೆಂಗಸರು ನನ್ನ ಪರಿಚಯದಲ್ಲೇ ಇದ್ದಾರೆ. ಜೊತೆಗೆ, ಸುದ್ದಿಕಾಗದ ಶಾಯಿಯನ್ನು ಹೀರಿಕೊಂಡು ಚುಕ್ಕಿಗಳು ಹರಡುವುದರಿಂದ ಅಚ್ಚಿನಲ್ಲಿ ನೆರಳಿನ ಭಾಗ ಇನ್ನಷ್ಟು ಕಪ್ಪಾಗುತ್ತದೆ. ಚಿತ್ರ ಕಳುಹಿಸುವವರು ನೆರಳನ್ನು ಎಷ್ಟು ತಿಳಿಯಾಗಿಟ್ಟು ಕಳುಹಿಸಬೇಕೆಂದು ನಿಮ್ಮ ಪುಟವಿನ್ಯಾಸದವರು ಒಮ್ಮೆ ನಾಲ್ಕು ಮಾತು ಬರೆದರೆ ಎಲ್ಲರಿಗೂ ಉಪಕಾರವಾಗುತ್ತದೆ.

ಮೊಬೈಲಿನಲ್ಲಿ ತೆಗೆದವರು ಏನು ಬರೆಯಬೇಕು ಎಂಬ ಪ್ರಶ್ನೆಯೂ ಇದೆ. ಈಗಿನ ಮೊಬೈಲುಗಳು ಒಂದೇ ಒತ್ತಿಗೆ ಹಲವು ಚಿತ್ರ ತೆಗೆದು, ಒಂದರಿಂದ ಆಕಾಶವನ್ನೂ ಇನ್ನೊಂದರಿಂದ ನೆರಳನ್ನೂ ತಾವೇ ಹೊಂದಿಸುತ್ತವೆ. ಅದನ್ನು ತಡೆಯಲು ಬರುವುದಿಲ್ಲ, ತಡೆಯಬೇಕಾಗಿಯೂ ಇಲ್ಲ. ಆ ಬೆಳಕೆಲ್ಲ ಅದೇ ಜಾಗದ್ದು, ಅದೇ ಕ್ಷಣದ್ದು. 'ಮೊಬೈಲ್, ಎಚ್‌ಡಿಆರ್' ಎಂದು ಬರೆದರೆ ಸಾಕು.

ಜಾಗದ ಹೆಸರು ಹೇಳಿದರೆ ಅಲ್ಲಿಗೆ ಜನ ಮುಗಿಬೀಳುತ್ತಾರೆ ಎಂಬ ಆತಂಕ ಮಾತ್ರ ನನಗೂ ಇದೆ, ಅದನ್ನು ಲಘುವಾಗಿ ಕಾಣಲಾರೆ. ಹೆಸರುಗಟ್ಟಿದ ಬೆಟ್ಟಗಳ ದಾರಿಯಲ್ಲಿ ಭಾನುವಾರ ಬೆಳಿಗ್ಗೆ ಬಿದ್ದಿರುವ ನೀರಿನ ಬಾಟಲಿ, ಚಿಪ್ಸ್ ಪೊಟ್ಟಣಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳಿಗಾಗಿ ಅಭಯಧಾಮವೆಂದು ಘೋಷಿಸಿದ್ದು, ಅಲ್ಲಿನ ಕಡಿದಾದ ಬಂಡೆಗಳಲ್ಲಿ ಅವು ಗೂಡು ಕಟ್ಟುತ್ತವೆಂಬ ಕಾರಣಕ್ಕೆ. ಅಂಥ ಕಡೆ ಗೂಡಿರುವ ಬಂಡೆಯ ಗುರುತನ್ನು ಯಾರೂ ಅಚ್ಚು ಹಾಕಬಾರದು. ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ನೆಲದ ಮೇಲೇ ಮೊಟ್ಟೆಯಿಡುವ ಹಕ್ಕಿಗಳಿವೆ. ಒಳ್ಳೆಯ ಕೋನಕ್ಕೆಂದು ಹುಲ್ಲಿನೊಳಗೆ ವಾಹನ ಇಳಿಸುವವರನ್ನು ನಾನೇ ಕಂಡು ಬೇಡಿಕೊಂಡಿದ್ದೇನೆ. ಇಂಥ ಚಿತ್ರಗಳಿಗೆ ತಾಲ್ಲೂಕಿನ ಹೆಸರು ಸಾಕು, ತಿಂಗಳು ಮತ್ತು ಹೊತ್ತು ಇದ್ದರೆ ಕಲಿಯುವವರಿಗೆ ಬೇಕಾದದ್ದು ಸಿಕ್ಕೇ ಸಿಗುತ್ತದೆ. ಜಲಾಶಯಗಳ ಚಿತ್ರವಾದರೆ ನೀರಿಗೆ ಇಳಿಯಬಾರದೆಂಬ ಒಂದು ಮಾತನ್ನೂ ನೀವೇ ಸೇರಿಸಿದರೆ ಒಳ್ಳೆಯದು. ಎರಡು ಭಾನುವಾರ ಆ ಹುಡುಗ ಕತ್ತಲಾಗುವವರೆಗೆ ಮಂಚನಬೆಲೆಯ ದಂಡೆಯಲ್ಲಿ ನಿಂತಿದ್ದನೆಂಬುದನ್ನು ನೆನೆದರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ.

ಈ ಪತ್ರದ ಜೊತೆ ಸಾವನದುರ್ಗದ ನನ್ನ ಮೂಲ ಚಿತ್ರವನ್ನು, ಆಕಾಶ ಬದಲಿಸದೆ, ಇದ್ದ ಹಾಗೆಯೇ ಕಳುಹಿಸುತ್ತಿದ್ದೇನೆ. ಹುಡುಗನ ಒಪ್ಪಿಗೆ ಪಡೆದು ಅವನ ಸಂಜೆಯ ಚಿತ್ರವನ್ನೂ ಇಟ್ಟಿದ್ದೇನೆ. ಒಂದಕ್ಕೆ ಮಾತ್ರ ಜಾಗವಿದ್ದರೆ ಅವನದನ್ನು ಹಾಕಿ, ಅದರ ಎರಡು ಸಾಲನ್ನು ಅವನೇ ಬರೆದುಕೊಟ್ಟಿದ್ದಾನೆ. ಜನವರಿಯಲ್ಲಿ ಅಚ್ಚಾದ ನನ್ನ ಚಿತ್ರಕ್ಕೆ ತಿದ್ದುಪಡಿಯಾಗಿ ಈ ಕೆಳಗಿನದನ್ನು ಅದೇ ಪುಟದಲ್ಲಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ:

'ಸಾವನದುರ್ಗ, ಮಂಚನಬೆಲೆ ಜಲಾಶಯದ ದಂಡೆಯಿಂದ, ಡಿಸೆಂಬರ್, ಬೆಳಿಗ್ಗೆ 7.10, 35 ಮಿ.ಮೀ., ಎಫ್/8, 1/125 ಸೆಕೆಂಡು, ಐಎಸ್‌ಒ 100. ಆಕಾಶ ಮತ್ತು ಸೂರ್ಯ ಅಲ್ಲಿದ್ದವಲ್ಲ, ತಂತ್ರಾಂಶದಿಂದ ತಂದು ಸೇರಿಸಿದ್ದು.'

ಇಂತಿ ತಮ್ಮ ವಿಶ್ವಾಸಿ,
ನಿಮ್ಮ ಓದುಗರಲ್ಲೊಬ್ಬಳು, ಗಿರಿನಗರ, ಬೆಂಗಳೂರು